‘ಮದ್ದೂರು’ ಎಂಬ ಪದದೊಳಗೆ ‘ದೂರು’ ಇದೆಯೇ? ಗಣಕಯಂತ್ರದಲ್ಲಿ ಕನ್ನಡ ಅಕ್ಷರಗಳ ಶೋಧನೆ

(ಕನ್ನಡ ಮಾಧ್ಯಮದ ಶಿಕ್ಷಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಪ್ರೋಗ್ರಾಮಿಂಗ್ ಕಲಿಸುವ ಪುಸ್ತಕಗಳಲ್ಲಿ ಸ್ಟ್ರಿಂಗ್ ಎಂಬ ಅಧ್ಯಾಯ ಬಂದೊಡನೆ ಉದಾಹರಣೆಗಳೆಲ್ಲ ಇಂಗ್ಲಿಷಿನವೇ ಆಗಿರುತ್ತವೆ. ಕನ್ನಡ ಮಾಧ್ಯಮದ ಮಗು ಅವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತದೆ. ಆದರೆ ಅದೇ ಮಗು ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಬೆರಳಚ್ಚಿಸಿ, ಅದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ಯಂತ್ರವನ್ನು ಕೇಳಿದರೆ ಪುಸ್ತಕದಲ್ಲಿ ಹೇಳದ ಉತ್ತರವೊಂದು ಬರುತ್ತದೆ. ‘ಮದ್ದೂರು’ ಎಂಬುದರಲ್ಲಿ ಮೂರು ಅಕ್ಷರಗಳಿವೆ: ಮ, ದ್ದೂ, ರು. ಒಂದನೆಯ ತರಗತಿಯ ಮಗುವಿಗೂ ಇದು ಗೊತ್ತು. ಪೈಥಾನ್ ಭಾಷೆಯ ‘ಲೆನ್’ ಎಂಬ ಆದೇಶ ಮಾತ್ರ ಏಳು ಎನ್ನುತ್ತದೆ.

ಯಂತ್ರ ತಪ್ಪಿಲ್ಲ, ಮಗುವೂ ತಪ್ಪಿಲ್ಲ. ಇಬ್ಬರೂ ಬೇರೆ ಬೇರೆ ವಸ್ತುಗಳನ್ನು ಎಣಿಸುತ್ತಿದ್ದಾರೆ. ಮಗು ಎಣಿಸುವುದು ಕಣ್ಣಿಗೆ ಕಾಣುವ, ಬಾಯಿಗೆ ಬರುವ ಅಕ್ಷರವನ್ನು. ಯಂತ್ರ ಎಣಿಸುವುದು ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಒಂದೊಂದು ಚಿಹ್ನೆಗೂ ಗೊತ್ತುಮಾಡಿರುವ ಸಂಕೇತವನ್ನು. ಆ ಲೆಕ್ಕದಲ್ಲಿ ‘ಮದ್ದೂರು’ ಎಂದರೆ ಕ್ರಮವಾಗಿ ಮ, ದ, ಹಲಂತದ ಚಿಹ್ನೆ, ಮತ್ತೊಂದು ದ, ಕೊಂಬಿನ ಇಳಿ, ರ, ಕೊಂಬು. ಒತ್ತಕ್ಷರ ಎಂಬ ಪ್ರತ್ಯೇಕ ವಸ್ತು ಯಂತ್ರದ ಸ್ಮೃತಿಯಲ್ಲಿ ಇಲ್ಲವೇ ಇಲ್ಲ; ಹಲಂತದ ಮುಂದೆ ಬಂದ ವ್ಯಂಜನವನ್ನು ಅಕ್ಷರವಿನ್ಯಾಸದ ತಂತ್ರಾಂಶವು ಒತ್ತಾಗಿ ಚಿತ್ರಿಸುತ್ತದೆ, ಅಷ್ಟೆ. ‘ಅರ್ಕ’ದಲ್ಲಿ ಅರ್ಕಾವತ್ತು ಕಣ್ಣಿಗೆ ಕಕಾರದ ಬಲಕ್ಕೆ ಕಂಡರೂ ಸ್ಮೃತಿಯಲ್ಲಿ ರಕಾರವೇ ಮೊದಲು ನಿಲ್ಲುತ್ತದೆ. ಉಚ್ಚಾರಣೆಯ ಕ್ರಮವೇ ಶೇಖರಣೆಯ ಕ್ರಮ. ವ್ಯಾಕರಣ ಕಲಿಸುವ ಶಿಕ್ಷಕರಿಗೆ ಇದು ಸಂತೋಷದ ಸಂಗತಿ: ‘ದ್ದೂ’ ಎಂಬುದನ್ನು ದ್ + ದ್ + ಊ ಎಂದು ಬಿಡಿಸಿ ತೋರಿಸುವ ಹಳೆಯ ಅಭ್ಯಾಸಕ್ಕೆ ಯಂತ್ರದ ಲೆಕ್ಕ ಬಹಳ ಹತ್ತಿರದಲ್ಲಿದೆ.

ಈಗ ಶೋಧನೆಯ ವಿಷಯ. ಒಂದು ಸ್ಟ್ರಿಂಗಿನೊಳಗೆ, ಅಂದರೆ ಅಕ್ಷರಗಳ ಒಂದು ಸರದೊಳಗೆ, ಇನ್ನೊಂದು ಚಿಕ್ಕ ತುಣುಕು ಇದೆಯೇ ಎಂದು ಕೇಳಲು ಪೈಥಾನಿನಲ್ಲಿ ‘ಇನ್’ ಎಂಬ ಪದ ಸಾಕು. ಅದು ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಎಲ್ಲಿದೆ ಎಂದು ತಿಳಿಯಬೇಕಾದರೆ ‘ಫೈಂಡ್’ ಎಂಬ ಆದೇಶ. ತುಣುಕು ಮೊದಲು ಕಂಡ ಸ್ಥಾನದ ಸಂಖ್ಯೆಯನ್ನು ಅದು ಕೊಡುತ್ತದೆ; ಕಾಣದಿದ್ದರೆ −1 ಎನ್ನುತ್ತದೆ. ಸ್ಥಾನಗಳ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ‘ಮದ್ದೂರು’ ಎಂಬಲ್ಲಿ ‘ಮ’ ಹುಡುಕಿದರೆ 0, ‘ದ’ ಹುಡುಕಿದರೆ 1, ಬಲತುದಿಯಿಂದ ಹುಡುಕುವ ‘ಆರ್‌ಫೈಂಡ್’ ಅದೇ ‘ದ’ಕ್ಕೆ 3 ಎನ್ನುತ್ತದೆ, ‘ಕೌಂಟ್’ ಎಂದರೆ ಎರಡು.

ಇನ್ನು ಶೀರ್ಷಿಕೆಯ ಪ್ರಶ್ನೆ. ‘ಮದ್ದೂರು’ ಎಂಬುದರಲ್ಲಿ ‘ದೂರು’ ಇದೆಯೇ? ಓದುವವರ ಕಣ್ಣಿಗೆ ಇಲ್ಲ, ಅಲ್ಲಿರುವುದು ‘ದ್ದೂರು’. ಯಂತ್ರ ಮಾತ್ರ ಇದೆ ಎನ್ನುತ್ತದೆ, ಸ್ಥಾನ 3 ಎಂದೂ ಹೇಳುತ್ತದೆ. ಎರಡನೆಯ ದಕಾರದಿಂದ ಮುಂದಕ್ಕೆ ದ, ಕೊಂಬಿನ ಇಳಿ, ರ, ಕೊಂಬು ಎಂಬ ನಾಲ್ಕು ಸಂಕೇತಗಳು ಸಾಲಾಗಿ ನಿಂತಿರುವುದೇ ಅದಕ್ಕೆ ಕಾರಣ. ಊರಿನ ಹೆಸರಿನಲ್ಲೇ ದೂರು ಇದೆಯೆಂದು ತರಗತಿಯಲ್ಲಿ ನಗೆ ಏಳುವುದು ಖಂಡಿತ. ಆ ನಗೆ ಅಡಗುವ ಮೊದಲೇ ಇನ್ನೊಂದು ಪ್ರಶ್ನೆ ಕೇಳುವುದು ಲೇಸು: ‘ಮದ್ದೂರು’ ಎಂಬುದರಲ್ಲಿ ‘ಊರು’ ಇದೆಯೇ? ಎಲ್ಲ ಮಕ್ಕಳೂ ಇದೆ ಎನ್ನುತ್ತಾರೆ. ಯಂತ್ರದ ಉತ್ತರ −1. ಪದದ ಆದಿಯಲ್ಲಿ ಬರುವ ಸ್ವರಾಕ್ಷರ ‘ಊ’ ಒಂದು ಸಂಕೇತ, ವ್ಯಂಜನಕ್ಕೆ ಹತ್ತುವ ಕೊಂಬಿನ ಇಳಿ ಬೇರೆಯೇ ಸಂಕೇತ. ಮೊದಲನೆಯದರ ಸಂಖ್ಯೆ 3210, ಎರಡನೆಯದರದು 3266.

ಈ ಎರಡು ಸಂಖ್ಯೆಗಳ ಅಂತರ 56. ಮಕ್ಕಳು ಆ ಮತ್ತು ಅದರ ಚಿಹ್ನೆ, ಇ ಮತ್ತು ಗುಡಿಸು, ಎ ಮತ್ತು ಏತ್ವ, ಔ ಮತ್ತು ಔತ್ವ ಎಂದು ಒಂದೊಂದಾಗಿ ಲೆಕ್ಕ ಹಾಕಲಿ. ಎಲ್ಲ ಕಡೆಯೂ ಅದೇ 56 ಬರುತ್ತದೆ. ಆದ್ದರಿಂದ ಹುಡುಕಬೇಕಾದ ತುಣುಕು ಸ್ವರದಿಂದ ಆರಂಭವಾಗುತ್ತಿದ್ದರೆ ಆ ಸ್ವರದ ಸಂಖ್ಯೆಗೆ 56 ಸೇರಿಸಿ ಇನ್ನೊಮ್ಮೆ ಹುಡುಕುವಂತೆ ನಾಲ್ಕು ಸಾಲಿನ ಪ್ರೋಗ್ರಾಂ ಬರೆಯಬಹುದು. ಆಗ ಮದ್ದೂರು, ಮಾಗನೂರು ಎರಡರಲ್ಲೂ ಊರು ಸಿಗುತ್ತದೆ. ‘ಅ’ ಒಂದು ಮಾತ್ರ ಈ ಲೆಕ್ಕಕ್ಕೆ ಒಗ್ಗದು, ಏಕೆಂದರೆ ಅಕಾರಕ್ಕೆ ಚಿಹ್ನೆಯೇ ಇಲ್ಲ. ತಲೆಕಟ್ಟು ವ್ಯಂಜನದ ಸಂಕೇತದಲ್ಲೇ ಅಡಗಿದೆ. ‘ಊರಲ್ಲಿ’ ಎಂಬುದರಲ್ಲಿ ‘ಅಲ್ಲಿ’ಯನ್ನು ಹುಡುಕುವ ಮಗು ಅಕಾರವನ್ನು ಬಿಟ್ಟು ಉಳಿದ ‘ಲ್ಲಿ’ಯನ್ನು ಹುಡುಕಬೇಕಾಗುತ್ತದೆ. ಇಂತಹ ಪ್ರೋಗ್ರಾಮನ್ನು ಊರುಗಳ ಪಟ್ಟಿಯ ಮೇಲೆ ಓಡಿಸಿದರೆ ಚೆಂದ. ಪಾಠದ ಗದ್ಯದ ಮೇಲೆ ಓಡಿಸಿದರೆ ಮೂರು, ನೂರು, ಚೂರು ಎಲ್ಲವೂ ಊರುಗಳಾಗಿ ಬಂದು ನಿಲ್ಲುತ್ತವೆ.

ಯಂತ್ರ ಹೀಗೆ ಹುಡುಕುವುದು ಹೇಗೆ ಎಂಬುದನ್ನು ಗಣಕಯಂತ್ರವಿಲ್ಲದೆಯೇ ತೋರಿಸಬಹುದು. ವಿದ್ಯುತ್ ಹೋದ ದಿನ ಈ ಪಾಠ ಇನ್ನೂ ಚೆನ್ನಾಗಿ ಆಗುತ್ತದೆ. ಏಳು ರಟ್ಟಿನ ತುಂಡುಗಳ ಮೇಲೆ ಮದ್ದೂರಿನ ಏಳು ಸಂಕೇತಗಳನ್ನು ಬರೆದು ಮೇಜಿನ ಮೇಲೆ ಸಾಲಾಗಿ ಜೋಡಿಸಬೇಕು. ‘ದೂರು’ ಎಂಬುದರ ನಾಲ್ಕು ಸಂಕೇತಗಳನ್ನು ಒಂದು ಉದ್ದನೆಯ ಪಟ್ಟಿಯ ಮೇಲೆ ಬರೆದು, ಆ ಪಟ್ಟಿಯನ್ನು ಸಾಲಿನ ಕೆಳಗೆ ಎಡದಿಂದ ಬಲಕ್ಕೆ ಸರಿಸುತ್ತ ಹೋಗಬೇಕು. ಏಳರ ಸಾಲಿನಲ್ಲಿ ನಾಲ್ಕರ ಪಟ್ಟಿಯನ್ನು ಇಡಬಹುದಾದ ಜಾಗಗಳು ನಾಲ್ಕೇ. ಮೊದಲನೆಯ ಜಾಗದಲ್ಲಿ ಮಕಾರದ ಕೆಳಗೆ ದಕಾರ ಬರುತ್ತದೆ. ಹೊಂದಲಿಲ್ಲ, ಒಂದೇ ಹೋಲಿಕೆಗೆ ಕೆಲಸ ಮುಗಿಯಿತು. ಒಂದು ಹೆಜ್ಜೆ ಸರಿಸಿದರೆ ದಕಾರಕ್ಕೆ ದಕಾರ ಹೊಂದುತ್ತದೆ, ಮಕ್ಕಳ ಮುಖ ಅರಳುತ್ತದೆ. ಆದರೆ ಮುಂದಿನದು ಹಲಂತ, ಪಟ್ಟಿಯಲ್ಲಿರುವುದು ಕೊಂಬಿನ ಇಳಿ. ಎರಡು ಹೋಲಿಕೆಗಳು ವ್ಯರ್ಥ. ಮೂರನೆಯ ಜಾಗದಲ್ಲಿ ಹಲಂತದ ಕೆಳಗೆ ದಕಾರ ಬಂದು ಒಂದಕ್ಕೇ ನಿಲ್ಲುತ್ತದೆ. ನಾಲ್ಕನೆಯ ಜಾಗದಲ್ಲಿ ನಾಲ್ಕೂ ಹೊಂದುತ್ತವೆ. ಒಟ್ಟು 8 ಹೋಲಿಕೆಗಳು.

ಇದೇ ಕೆಲಸವನ್ನು ಇನ್ನೂ ಕಡಿಮೆಯಲ್ಲಿ ಮಾಡುವ ಉಪಾಯವನ್ನು 1977ರಲ್ಲಿ ಬಾಯರ್ ಮತ್ತು ಮೂರ್ ಎಂಬ ಇಬ್ಬರು ಪ್ರಕಟಿಸಿದರು. ಪಟ್ಟಿಯ ಮೊದಲ ಅಕ್ಷರದ ಬದಲು ಕೊನೆಯ ಅಕ್ಷರವನ್ನು ಮೊದಲು ಹೋಲಿಸುವುದು ಅದರ ತಿರುಳು. ಪಟ್ಟಿಯನ್ನು ಎಡತುದಿಯಲ್ಲಿ ಇಟ್ಟಾಗ ಅದರ ಕೊನೆಯ ಕೊಂಬಿನ ಮೇಲೆ ಸಾಲಿನ ಎರಡನೆಯ ದಕಾರ ನಿಂತಿರುತ್ತದೆ. ಹೊಂದಲಿಲ್ಲ. ಆದರೆ ದಕಾರ ಪಟ್ಟಿಯಲ್ಲಿ ಎಲ್ಲಿದೆ? ತೀರ ಎಡಕ್ಕೆ. ಅಂದಮೇಲೆ ಆ ದಕಾರ ಈ ದಕಾರದ ಕೆಳಗೆ ಬರುವವರೆಗೆ, ಅಂದರೆ ಮೂರು ಹೆಜ್ಜೆ, ಒಮ್ಮೆಲೇ ಸರಿಸಬಹುದು. ನಡುವಿನ ಜಾಗಗಳಲ್ಲಿ ಸಿಗುವ ಸಾಧ್ಯತೆಯೇ ಇಲ್ಲ. ಸರಿಸಿ ನೋಡಿದರೆ ನಾಲ್ಕೂ ಹೊಂದುತ್ತವೆ. ಹೋಲಿಕೆಗಳು 5. ಎಂಟಕ್ಕೂ ಐದಕ್ಕೂ ಇರುವ ವ್ಯತ್ಯಾಸ ಏಳು ರಟ್ಟುಗಳ ಸಾಲಿನಲ್ಲಿ ದೊಡ್ಡದೆನಿಸದು. ಒಂದು ನಿಘಂಟಿನಷ್ಟು ಉದ್ದದ ಸಾಲಿನಲ್ಲಿ ಅದು ಹುಡುಕಾಟದ ವೇಗವನ್ನೇ ಬದಲಿಸುತ್ತದೆ. ಅದೇ 1977ರಲ್ಲಿ ಕ್ನೂತ್, ಮಾರಿಸ್, ಪ್ರಾಟ್ ಎಂಬ ಮೂವರು ಬೇರೊಂದು ದಾರಿಯನ್ನು ಪ್ರಕಟಿಸಿದರು: ಈಗಾಗಲೇ ಹೊಂದಿದ ಭಾಗವನ್ನು ನೆನಪಿಟ್ಟುಕೊಂಡು, ಸಾಲಿನಲ್ಲಿ ಒಮ್ಮೆಯೂ ಹಿಂದಕ್ಕೆ ಹೋಗದೆ ಹುಡುಕುವುದು. ಪ್ರೌಢಶಾಲೆಯ ಮಟ್ಟಕ್ಕೆ ಬಾಯರ್ ಮತ್ತು ಮೂರ್ ಅವರದೇ ಸುಲಭ. ಇನ್ನೊಂದನ್ನು ಆಸಕ್ತ ಮಕ್ಕಳಿಗೆ ಬಿಡಬಹುದು.

ಇಲ್ಲಿಯವರೆಗಿನದು ತರಗತಿಯ ಆಟ. ಈ ಆಟ ಶಾಲೆಯ ಕಚೇರಿಯ ಕೋಣೆಗೆ ಹೋದಾಗ ಬೇರೆ ರೂಪ ತಾಳುತ್ತದೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1956ರ ಏಳನೆಯ ತಿದ್ದುಪಡಿಯಿಂದ. ಅದೇ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಗಿ, ರಾಯಚೂರು ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿದರೂ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಮಹಬೂಬ್‌ನಗರ ಜಿಲ್ಲೆಯ ಪಾಲಾದವು. 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಯಾಯಿತು. ಗಡಿ ಸರಿದಂತೆಲ್ಲ ಹೆಸರುಗಳ ಬರಹವೂ ಸರಿದಿದೆ. ಒಂದೇ ಊರು, ಒಂದೇ ಮಗು, ಒಂದು ಕಡತದಲ್ಲಿ ಕನ್ನಡದಲ್ಲಿ, ಇನ್ನೊಂದರಲ್ಲಿ ತೆಲುಗಿನಲ್ಲಿ, ಮತ್ತೊಂದರಲ್ಲಿ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ವಿಭಾಗ ಉಳಿಯುವುದು ಮಕ್ಕಳ ಸಂಖ್ಯೆಯ ಮೇಲೆ. ಆ ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿ ಎಣಿಸುವಾಗ ಇರುವ ಮಗು ಇಲ್ಲವೆಂದು ಬಂದರೆ ಅದು ಬೆರಳಚ್ಚಿನ ದೋಷವಾಗಿ ಉಳಿಯದು.

ಅಂತಹ ದೋಷಗಳಲ್ಲಿ ಅತಿ ಸಾಮಾನ್ಯವಾದದ್ದು ಸೊನ್ನೆಯದು. ಕನ್ನಡದ ಅನುಸ್ವಾರ ಮತ್ತು ಕನ್ನಡದ ಅಂಕೆ ಸೊನ್ನೆ ಕಣ್ಣಿಗೆ ಒಂದೇ. ಅನುಸ್ವಾರದ ಸಂಕೇತಸಂಖ್ಯೆ 3202, ಅಂಕೆಯದು 3302. ಅವಸರದಲ್ಲಿ ಬೆರಳಚ್ಚಿಸುವವರು ‘ಶಂಕರಪ್ಪ’ ಎಂಬ ಹೆಸರಿನಲ್ಲಿ ಅನುಸ್ವಾರದ ಬದಲು ಅಂಕೆಯನ್ನು ಒತ್ತಿದರೆ ಮುದ್ರಿತ ಹಾಳೆಯಲ್ಲಿ ಯಾವ ವ್ಯತ್ಯಾಸವೂ ತೋರದು. ಪ್ರಧಾನೋಪಾಧ್ಯಾಯರು ಓದಿ ಸಹಿ ಮಾಡುತ್ತಾರೆ, ಪೋಷಕರು ಓದಿ ಒಪ್ಪುತ್ತಾರೆ. ಯಂತ್ರದಲ್ಲಿ ‘ಶಂಕರಪ್ಪ’ ಎಂದು ಸರಿಯಾಗಿ ಬೆರಳಚ್ಚಿಸಿ ಹುಡುಕಿದಾಗ ಮಾತ್ರ ಆ ಹುಡುಗ ಇಲ್ಲ. ಕಾಗದದ ಮೇಲೆ ಇದ್ದಾನೆ, ಪರದೆಯ ಮೇಲೆ ಕಣ್ಣಿಗೆ ಕಾಣುತ್ತಾನೆ, ಹುಡುಕಾಟದಲ್ಲಿ ಇಲ್ಲ. ಪಟ್ಟಿ ಕೈಗೆ ಬಂದೊಡನೆ ಮೊದಲು ಮಾಡಬೇಕಾದ ಕೆಲಸವೆಂದರೆ ಕನ್ನಡ ಸೊನ್ನೆಯ ಅಂಕೆಯನ್ನು ಹುಡುಕುವುದು. ಅದು ಅಕ್ಷರಗಳ ನಡುವೆ ಎಲ್ಲಿ ಸಿಕ್ಕರೂ ಅನುಸ್ವಾರಕ್ಕೆ ಬದಲಿಸುವುದು. ಅಕ್ಷರಗಳ ನಡುವೆ ಎಂಬ ಮಾತನ್ನು ಮರೆತು ಎಲ್ಲ ಸೊನ್ನೆಗಳನ್ನೂ ಬದಲಿಸಿದರೆ ಕನ್ನಡ ಅಂಕೆಗಳಲ್ಲಿ ಬರೆದ ಜನ್ಮದಿನಾಂಕಗಳು ಕೆಡುತ್ತವೆ.

ಎರಡನೆಯದು ದೀರ್ಘದ ತೊಡಕು. ಮದ್ದೂರಿನ ನೆರೆಯ ಕೋಸ್ಗಿಯ ಹೆಸರನ್ನೇ ನೋಡಬಹುದು. ‘ಕೋ’ ಎಂಬುದನ್ನು ಕ ಮತ್ತು ಓತ್ವದ ದೀರ್ಘ ಎಂಬ ಎರಡು ಸಂಕೇತಗಳಾಗಿ ಇಡಬಹುದು. ಅಥವಾ ಕ, ಏತ್ವ, ಕೊಂಬಿನ ಇಳಿ, ದೀರ್ಘದ ಚಿಹ್ನೆ ಎಂದು ನಾಲ್ಕಾಗಿಯೂ ಇಡಬಹುದು. ಎರಡೂ ಯೂನಿಕೋಡ್ ಒಪ್ಪಿದ ರೂಪಗಳೇ, ಎರಡೂ ಪರದೆಯ ಮೇಲೆ ಒಂದೇ ರೀತಿ ಕಾಣಬೇಕಾದವುಗಳೇ. ಮೊದಲ ಲೆಕ್ಕದಲ್ಲಿ ಕೋಸ್ಗಿ ಆರು ಸಂಕೇತ, ಎರಡನೆಯದರಲ್ಲಿ ಎಂಟು. ಒಂದರಲ್ಲಿ ಬರೆದ ಪಟ್ಟಿಯಲ್ಲಿ ಇನ್ನೊಂದರಿಂದ ಹುಡುಕಿದರೆ −1. ಈ ವಿಭಜನೆ ಎಲ್ಲಿಂದ ಬಂತೆಂದು ಆಶ್ಚರ್ಯಪಡುವವರು ಕಾಗುಣಿತವನ್ನು ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳಲಿ: ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಏತ್ವ ಕೆ, ಏತ್ವದ ದೀರ್ಘ ಕೇ, ಓತ್ವ ಕೊ, ಓತ್ವದ ದೀರ್ಘ ಕೋ. ಕೀ, ಕೇ, ಕೋ ಎಂಬ ಈ ಮೂರನ್ನೂ ಯೂನಿಕೋಡ್ ಇದೇ ರೀತಿ ಒಡೆಯುತ್ತದೆ, ದೀರ್ಘಕ್ಕೆ ಒಂದು ಪ್ರತ್ಯೇಕ ಸಂಕೇತವನ್ನೇ ಕೊಟ್ಟಿದೆ. ಹಳ್ಳಿಯ ಶಾಲೆಗಳಲ್ಲಿ ರಾಗವಾಗಿ ಹೇಳಿಸುವ ಕಾಗುಣಿತದ ಕ್ರಮ ಹೀಗೆ ಅಂತರರಾಷ್ಟ್ರೀಯ ಕೋಷ್ಟಕದಲ್ಲಿ ಉಳಿದುಕೊಂಡಿದೆ. ಪರಿಹಾರ ಸರಳ: ಪೈಥಾನಿನ ‘ಯೂನಿಕೋಡ್‌ಡೇಟಾ’ ಎಂಬ ಭಾಗದಲ್ಲಿ ‘ನಾರ್ಮಲೈಸ್’ ಎಂಬ ಆದೇಶವಿದೆ. ಹುಡುಕುವ ಮೊದಲು ಪಟ್ಟಿಯನ್ನೂ ಹುಡುಕುವ ಪದವನ್ನೂ ಅದರ ಮೂಲಕ ಹಾಯಿಸಿ ಒಂದೇ ರೂಪಕ್ಕೆ ತರಬೇಕು. ಎರಡನ್ನೂ ಹಾಯಿಸಬೇಕು, ಒಂದನ್ನೇ ಹಾಯಿಸುವುದು ಸಾಮಾನ್ಯ ತಪ್ಪು.

ಮೂರನೆಯದು ಕಣ್ಣಿಗೆ ಕಾಣದೇ ಇರುವ ಸಂಕೇತ. ‘ಮಕ್ತಲ್‌ನಲ್ಲಿ’ ಎಂದು ಬರೆಯುವಾಗ ಲ್ ಮತ್ತು ನ ಸೇರಿ ಒತ್ತಕ್ಷರವಾಗದಂತೆ ತಡೆಯಲು ಅವೆರಡರ ನಡುವೆ ಅಗಲವೇ ಇಲ್ಲದ ಬೇರ್ಪಡಕವೊಂದನ್ನು ಇಡುತ್ತಾರೆ. ಅದರ ಸಂಖ್ಯೆ 8204. ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬರದಂತೆ ಮಾಡಲು ಬಳಸುವ ಜೋಡಕದ ಸಂಖ್ಯೆ 8205. ಇವು ಬರಹಕ್ಕೆ ಬೇಕು, ಹುಡುಕಾಟಕ್ಕೆ ಬೇಡ. ಹುಡುಕುವ ಮೊದಲು ಪಟ್ಟಿಯ ಒಂದು ಪ್ರತಿಯಿಂದ ಇವೆರಡನ್ನೂ ತೆಗೆದುಹಾಕಬೇಕು, ಮೂಲವನ್ನು ಹಾಗೆಯೇ ಇಟ್ಟುಕೊಳ್ಳಬೇಕು. ಪದದ ಮೊದಲಿಗೋ ಕೊನೆಗೋ ಉಳಿದುಹೋದ ಖಾಲಿ ಜಾಗಕ್ಕೂ ಇದೇ ಎಚ್ಚರಿಕೆ.

ಕೆಲವು ಹಳೆಯ ಕಡತಗಳಲ್ಲಿ ಈ ಯಾವ ಉಪಾಯವೂ ಫಲಿಸದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಆವೃತ್ತಿಗಳಂತಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರರೂಪಗಳಿಂದ ಬರೆದ ಕಡತಗಳು ಸ್ಮೃತಿಯಲ್ಲಿ ರೋಮನ್ ಲಿಪಿಯ ಸಂಕೇತಗಳಾಗಿಯೇ ಇರುತ್ತವೆ, ಅಕ್ಷರರೂಪ ಮಾತ್ರ ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಅಲ್ಲಿ ಮದ್ದೂರನ್ನು ಯೂನಿಕೋಡಿನಲ್ಲಿ ಹುಡುಕಿದರೆ ಸಿಗುವಂತಿಲ್ಲ. ಅಂತಹ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಆಮೇಲೆ ಹುಡುಕಬೇಕು.

ಇನ್ನು ತೆಲುಗಿನ ಪಟ್ಟಿ. ಗಡಿಭಾಗದ ಶಿಕ್ಷಕರಿಗೆ ಇದು ನಿತ್ಯದ ವ್ಯವಹಾರ, ಮತ್ತು ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗವೂ ಇದೇ. ಕನ್ನಡ ಓದಬಲ್ಲವರು ತೆಲುಗು ಲಿಪಿಯ ಮದ್ದೂರನ್ನು ಹೆಚ್ಚು ಕಷ್ಟವಿಲ್ಲದೆ ಓದುತ್ತಾರೆ. ಎರಡೂ ಲಿಪಿಗಳ ಮೂಲ ಒಂದೇ. ಯಂತ್ರಕ್ಕೆ ಆ ನೆಂಟಸ್ತಿಕೆ ತಾನಾಗಿ ಹೊಳೆಯದು. ಆದರೆ ಭಾರತೀಯ ಲಿಪಿಗಳ ಸಂಕೇತಗಳನ್ನು ಯೂನಿಕೋಡಿನಲ್ಲಿ ಜೋಡಿಸಿದವರು ಇಸ್ಕಿ ಎಂಬ ಭಾರತೀಯ ಪದ್ಧತಿಯ 1988ರ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡರು. ಅದರಲ್ಲಿ ಎಲ್ಲ ಲಿಪಿಗಳ ಕಕಾರಕ್ಕೂ ಒಂದೇ ಸ್ಥಾನ, ಮಕಾರಕ್ಕೂ ಒಂದೇ ಸ್ಥಾನ. ಯೂನಿಕೋಡಿನಲ್ಲಿ ತೆಲುಗಿಗೆ 3072ರಿಂದ 3199ರವರೆಗೆ 128 ಮನೆಗಳು, ಅದಕ್ಕೆ ಹೊಂದಿಕೊಂಡೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು. ತೆಲುಗಿನ ಮಕಾರ 3118, ಕನ್ನಡದ ಮಕಾರ 3246. ಅಂತರ 128. ದಕಾರ, ಹಲಂತ, ಕೊಂಬಿನ ಇಳಿ, ರಕಾರ, ಕೊಂಬು, ಎಲ್ಲದಕ್ಕೂ ಅದೇ 128. ತೆಲುಗು ಪಟ್ಟಿಯ ಒಂದೊಂದು ಸಂಕೇತವನ್ನೂ ‘ಆರ್ಡ್’ ಎಂಬ ಆದೇಶದಿಂದ ಸಂಖ್ಯೆಯಾಗಿಸಿ, 128 ಕೂಡಿಸಿ, ಮತ್ತೆ ಅಕ್ಷರವಾಗಿಸಿದರೆ ಮದ್ದೂರು ಅಕ್ಷರಶಃ ಮದ್ದೂರಾಗಿಯೇ ಹೊರಬರುತ್ತದೆ. ದೇವನಾಗರಿಯ ಮಕಾರ 2350; ಅಲ್ಲಿಂದ ಕನ್ನಡಕ್ಕೆ 896, ಅಂದರೆ 128ರ ಏಳರಷ್ಟು. ಹಿಂದಿ ಮತ್ತು ಮರಾಠಿಯ ಹೆಸರುಗಳಿಗೂ ಈ ದಾರಿ ಬಹುಮಟ್ಟಿಗೆ ಸಾಗುತ್ತದೆ.

ಎಲ್ಲ ಕಡೆಯೂ ಸಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಹಳಗನ್ನಡದ ‘ೞ’ ಆ ಸಾಮಾನ್ಯ ಸ್ಥಾನದಲ್ಲಿ ಇಲ್ಲ. ಯೂನಿಕೋಡ್ ಅದನ್ನು ಬೇರೊಂದು ಮೂಲೆಯಲ್ಲಿ ಇಟ್ಟಿದೆ. ಅಷ್ಟೇ ಅಲ್ಲ, ಅದಕ್ಕೆ ‘ಫ’ ಎಂಬ ಅರ್ಥ ಬರುವ ತಪ್ಪು ಹೆಸರನ್ನೂ ಕೊಟ್ಟುಬಿಟ್ಟಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬ ನಿಯಮವಿರುವುದರಿಂದ ಆ ತಪ್ಪು ಶಾಶ್ವತ. ಕೇಶಿರಾಜನ ಶಬ್ದಮಣಿದರ್ಪಣ ಕಲಿಸುವವರಿಗೆ ಇದು ನೋವಿನ ಸಂಗತಿಯೋ ನಗೆಯ ಸಂಗತಿಯೋ, ಅವರವರಿಗೆ ಬಿಟ್ಟದ್ದು.

ಲಿಪಿ ಬದಲಿಸಿದ ಮೇಲೂ ಹೆಸರಿನ ಬಾಲ ಉಳಿಯುತ್ತದೆ. ತೆಲುಗಿನಿಂದ ಬಂದದ್ದು ‘ನಾರಾಯಣಪೇಟ’, ಕನ್ನಡದ ಕಡತದಲ್ಲಿರುವುದು ‘ನಾರಾಯಣಪೇಟೆ’. ಒಂದು ಕಡೆ ‘ಗದ್ವಾಲ’, ಇನ್ನೊಂದು ಕಡೆ ‘ಗದ್ವಾಲ್’. ಇಲ್ಲಿ ಸಂಕೇತಗಳ ಲೆಕ್ಕ ಶಿಕ್ಷಕರ ನೆರವಿಗೆ ಬರುತ್ತದೆ. ‘ಪೇಟೆ’ ಎಂದರೆ ಯಂತ್ರಕ್ಕೆ ‘ಪೇಟ’ದ ಮುಂದೆ ಒಂದು ಏತ್ವ, ‘ಗದ್ವಾಲ್’ ಎಂದರೆ ‘ಗದ್ವಾಲ’ದ ಮುಂದೆ ಒಂದು ಹಲಂತ. ಆದುದರಿಂದ ಚಿಕ್ಕ ರೂಪವನ್ನು ಹುಡುಕಿದರೆ ಎರಡೂ ಸಿಗುತ್ತವೆ. ದೊಡ್ಡ ರೂಪವನ್ನು ಹುಡುಕಿದರೆ ಚಿಕ್ಕದು ತಪ್ಪಿಹೋಗುತ್ತದೆ. ವಿಭಕ್ತಿಯ ಪ್ರತ್ಯಯಗಳಿಗೂ ಇದೇ ಮಾತು. ‘ಮದ್ದೂರು’ ಎಂದು ಹುಡುಕುವವರಿಗೆ ಮದ್ದೂರಿನ, ಮದ್ದೂರಿಗೆ, ಮದ್ದೂರಲ್ಲಿ ಎಂಬ ಯಾವುದೂ ಸಿಗದು, ಏಕೆಂದರೆ ಕೊನೆಯ ಕೊಂಬು ಉಳಿದಿರುವುದಿಲ್ಲ. ಲೋಪಸಂಧಿಯಲ್ಲಿ ಪೂರ್ವಸ್ವರ ಲೋಪವಾಗುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದ ನಿಯಮವೇ ಇಲ್ಲಿ −1 ಆಗಿ ಎದುರಾಗಿದೆ. ಕೊಂಬನ್ನು ಬಿಟ್ಟು ‘ಮದ್ದೂರ’ ಎಂದು ಹುಡುಕಿದರೆ ನಾಲ್ಕೂ ಸಿಗುತ್ತವೆ. ಸಂಧಿ ಬಲ್ಲ ಕನ್ನಡ ಶಿಕ್ಷಕರು ಪ್ರೋಗ್ರಾಂ ಬಲ್ಲವರಿಗಿಂತ ಒಳ್ಳೆಯ ಶೋಧಕರಾಗಬಲ್ಲರು.

ಚಿಕ್ಕ ತುಣುಕಿಗೆ ಇನ್ನೊಂದು ಮಗ್ಗುಲಿದೆ. ಗ್ರಾಮ ಪಂಚಾಯತಿಯ ಹೆಸರುಗಳಿರುವ ಪಟ್ಟಿಯಲ್ಲಿ ‘ರಾಮ’ ಎಂಬ ಹುಡುಗನನ್ನು ಹುಡುಕಿದರೆ ರಾಮಪ್ಪ, ಪರಶುರಾಮರ ಜೊತೆಗೆ ಪ್ರತಿಯೊಂದು ‘ಗ್ರಾಮ’ವೂ ಬರುತ್ತದೆ. ಗಕಾರ, ಹಲಂತ, ಆಮೇಲೆ ಪೂರ್ತಿ ‘ರಾಮ’. ವಿರಾಮದಲ್ಲೂ ಆರಾಮದಲ್ಲೂ ಅವನೇ. ಇಂತಹ ಕಡೆ ಸಂಕೇತಗಳನ್ನು ಬಿಟ್ಟು ಕನ್ನಡದ ಅಕ್ಷರಗಳ ಮೇಲೆಯೇ ಹುಡುಕಬೇಕು. ನಿಯಮ ಎರಡೇ ಸಾಲಿನದು: ಸ್ವರಾಕ್ಷರ ಬಂದರೆ ಹೊಸ ಅಕ್ಷರ ಆರಂಭ, ವ್ಯಂಜನ ಬಂದು ಅದರ ಹಿಂದೆಯೇ ಹಲಂತ ಇಲ್ಲದಿದ್ದರೆ ಆಗಲೂ ಹೊಸ ಅಕ್ಷರ ಆರಂಭ. ಉಳಿದೆಲ್ಲವೂ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತವೆ. ಈ ನಿಯಮದಂತೆ ಬಿಡಿಸಿದರೆ ಗ್ರಾಮವು ‘ಗ್ರಾ’, ‘ಮ’ ಆಗುತ್ತದೆ, ರಾಮ ಅಲ್ಲಿಲ್ಲ. ಮದ್ದೂರು ‘ಮ’, ‘ದ್ದೂ’, ‘ರು’ ಆಗುತ್ತದೆ, ದೂರು ಅಲ್ಲಿಲ್ಲ. ಲೆನ್ ಈಗ ಮೂರು ಎನ್ನುತ್ತದೆ. ಈ ರೀತಿ ಹುಡುಕುವಾಗ ಮಾತ್ರ 8204ರ ಬೇರ್ಪಡಕವನ್ನು ಮೊದಲೇ ತೆಗೆದುಹಾಕಬಾರದು; ತೆಗೆದರೆ ‘ಮಕ್ತಲ್‌ನಲ್ಲಿ’ ಎಂಬುದರ ಲ್ ಮತ್ತು ನ ಒಂದೇ ಅಕ್ಷರವಾಗಿಬಿಡುತ್ತವೆ.

ಪ್ರೋಗ್ರಾಂ ಬರೆಯಲು ಕಲಿಯುತ್ತಿರುವ ಮಕ್ಕಳು ಮಾಡುವ ಒಂದು ತಪ್ಪನ್ನು ಶಿಕ್ಷಕರು ಮೊದಲೇ ಬಲ್ಲವರಾಗಿರಬೇಕು. ಫೈಂಡ್ ಕೊಟ್ಟ ಸಂಖ್ಯೆಯನ್ನು ನೇರವಾಗಿ ‘ಇಫ್’ನೊಳಗೆ ಇಟ್ಟು ಸಿಕ್ಕಿತೇ ಎಂದು ಕೇಳುತ್ತಾರೆ. ಪೈಥಾನಿನಲ್ಲಿ ಸೊನ್ನೆಯೆಂದರೆ ಸುಳ್ಳು, ಉಳಿದ ಸಂಖ್ಯೆಗಳೆಲ್ಲ ನಿಜ, −1 ಕೂಡ ನಿಜವೇ. ಹೀಗಾಗಿ ಸಾಲಿನ ಆದಿಯಲ್ಲೇ ಇರುವ ಹೆಸರು, ಅಂದರೆ ಸ್ಥಾನ 0ರಲ್ಲಿ ಸಿಕ್ಕದ್ದು, ಸಿಗಲಿಲ್ಲ ಎಂದಾಗುತ್ತದೆ. ಸಾಲಿನಲ್ಲಿ ಇಲ್ಲವೇ ಇಲ್ಲದ್ದು ಸಿಕ್ಕಿತು ಎಂದಾಗುತ್ತದೆ. ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ ಓಡುತ್ತದೆ, ಅದೇ ಅದರ ಅಪಾಯ. ಇದೆಯೇ ಎಂದಷ್ಟೇ ಕೇಳುವಲ್ಲಿ ‘ಇನ್’ ಬಳಸುವುದು, ಫೈಂಡ್ ಬಳಸಿದಲ್ಲಿ −1ರೊಡನೆ ಹೋಲಿಸುವುದು, ಈ ಅಭ್ಯಾಸವನ್ನು ಮೊದಲ ದಿನವೇ ಹಾಕಿಸಬೇಕು. ‘ಇಂಡೆಕ್ಸ್’ ಎಂಬ ಇನ್ನೊಂದು ಆದೇಶ ಹುಡುಕಿದ್ದು ಸಿಗದಿದ್ದರೆ ದೋಷವೆಂದು ಕೂಗಿ ನಿಲ್ಲುತ್ತದೆ, ಗದ್ದಲವಾದರೂ ಪ್ರಾಮಾಣಿಕವಾದದ್ದು. ಪೈಥಾನಿನ ಈಗಿನ ಆವೃತ್ತಿಗಳಲ್ಲಿ ಚರಪದಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಊರು, ಹೆಸರು, ತರಗತಿ ಎಂದು ಬರೆದ ಪ್ರೋಗ್ರಾಮನ್ನು ಓದುವ ಮಗುವಿಗೆ ಅರ್ಧ ಭಯ ಅಲ್ಲಿಯೇ ಹೋಗುತ್ತದೆ.

ಶಾಲೆಯಲ್ಲಿ ಗಣಕಯಂತ್ರ ಒಂದೇ ಇದ್ದರೂ ಮಾಡಿಸಬಹುದಾದ ಅಭ್ಯಾಸವೊಂದಿದೆ. ತರಗತಿಯ ಹಾಜರಿಪಟ್ಟಿಯನ್ನು ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಕನ್ನಡದಲ್ಲಿ ಬೆರಳಚ್ಚಿಸಲಿ. ಮೂರನೆಯ ಮಗು ಒಂದು ಪಟ್ಟಿಯ ಪ್ರತಿಯೊಂದು ಹೆಸರನ್ನೂ ಇನ್ನೊಂದರಲ್ಲಿ ಹುಡುಕುವ ಪ್ರೋಗ್ರಾಂ ಓಡಿಸಲಿ. ಸಿಗದೆ ಉಳಿದ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಆ ಹೆಸರಿನ ಮಗುವೇ ಎದ್ದು ಬಂದು ತನ್ನ ಹೆಸರಿನ ಎರಡು ರೂಪಗಳನ್ನೂ ಸಂಕೇತ ಸಂಕೇತವಾಗಿ ಬಿಡಿಸಿ, ಎಲ್ಲಿ ಬೇರೆಯಾಗಿದೆ ಎಂದು ತೋರಿಸಲಿ. ಸೊನ್ನೆಯೋ, ದೀರ್ಘವೋ, ಕಾಣದ ಬೇರ್ಪಡಕವೋ, ಲಕಾರ ಳಕಾರಗಳ ಗೊಂದಲವೋ, ಮನೆಯಲ್ಲಿ ಕರೆಯುವ ಹೆಸರೇ ಬೇರೆಯೋ. ಕೊನೆಯದು ಬಂದರೆ ಪೋಷಕರನ್ನು ಕೇಳಿ, ಯಾವ ರೂಪ ದಾಖಲೆಯಲ್ಲಿ ಉಳಿಯಬೇಕೆಂದು ಅಂದೇ ಬರೆದಿಟ್ಟುಕೊಳ್ಳುವುದು ಉಚಿತ.